ಹುಡುಕಾಟದ ಕಾಲವೂ ಬಾಳಿನ ಕಾಲವೇ

(ದುವ್ವಾಡದಲ್ಲಿ ನಡೆದ ಸಂಘದ ಯುವಜನ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



‘ವೃತ್ತಿಯ ಆಯ್ಕೆ’ಯನ್ನು ಕುರಿತು ನಮ್ಮ ಹುಡುಗರಿಗೆ ನಾಲ್ಕು ಧೈರ್ಯದ ಮಾತು ಹೇಳಿ ಎಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಕೂಡಲೇ ಒಪ್ಪಲಿಲ್ಲ. ಸುಮಾರು ಮೂವತ್ತು ವರ್ಷ ತಿಂಗಳ ಕೊನೆಗೆ ತಪ್ಪದೆ ಸಂಬಳ ಎಣಿಸಿದವನು ಕೆಲಸ ಹುಡುಕುತ್ತಿರುವವರಿಗೆ ಧೈರ್ಯ ಹೇಳುವುದು, ಉಂಡವನು ಹಸಿದವನಿಗೆ ಉಪವಾಸದ ಮಹಿಮೆಯನ್ನು ವರ್ಣಿಸಿದಂತೆ ಆಗಬಾರದು. ಆದರೂ ಬಂದಿದ್ದೇನೆ. ಕಾರಣ ನನ್ನ ಮನೆಯಲ್ಲೇ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಮಗಳು ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷಗಳಾದವು. ಇನ್ನೂ ಕೆಲಸವಿಲ್ಲ. ಕಳೆದ ರಾಜ್ಯೋತ್ಸವದ ದಿನ ನಾವೆಲ್ಲ ಸಂಘದ ಕಾರ್ಯಕ್ರಮಕ್ಕೆ ಹೊರಟಾಗ ಅವಳು ಬರಲಿಲ್ಲ. ಚಿಕ್ಕಂದಿನಿಂದ ಇಲ್ಲಿಯ ವೇದಿಕೆಯ ಮೇಲೆ ಹಾಡಿದವಳು. ಏಕೆ ಎಂದು ಕೇಳಿದೆ. “ಅಲ್ಲಿ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ ಅಪ್ಪಾ” ಎಂದಳು. ನಾನು ಸುಮ್ಮನಿರಬೇಕಾಗಿತ್ತು. “ಕೇಳಿದರೆ ತಪ್ಪೇನು? ಉತ್ತರ ಇಲ್ಲದಿದ್ದರೆ ಹಾಗನ್ನಿಸುತ್ತದೆ” ಎಂದುಬಿಟ್ಟೆ. ಆ ಮಾತು ಆಡಿದ ಮೇಲೆ ಬಾಗಿಲಲ್ಲಿ ನಿಂತ ಆ ಮುಖವನ್ನು ನಾನು ಇನ್ನೂ ಮರೆತಿಲ್ಲ. ಇದನ್ನು ಅವಳ ಒಪ್ಪಿಗೆ ಪಡೆದೇ ನಿಮ್ಮ ಮುಂದೆ ಹೇಳುತ್ತಿದ್ದೇನೆ. ಆದುದರಿಂದ ಇಂದಿನ ನನ್ನ ಮಾತು ತರುಣರಿಗೆ ಎಷ್ಟೋ, ನನ್ನ ವಯಸ್ಸಿನವರಿಗೂ ಅಷ್ಟೇ ಎಂದು ತಿಳಿಯಬೇಕು.

ನನ್ನ ಕಾಲದ ಸಂಗತಿಯನ್ನು ಸ್ವಲ್ಪ ಹೇಳುತ್ತೇನೆ. ನಾನು ಆಗಿನ ಧಾರವಾಡ ಜಿಲ್ಲೆಯ, ಈಗಿನ ಹಾವೇರಿ ಜಿಲ್ಲೆಯ ಒಂದು ಹಳ್ಳಿಯವನು. ತಂದೆ ಪ್ರಾಥಮಿಕ ಶಾಲೆಯ ಮಾಸ್ತರರು. 1992ರಲ್ಲಿ ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿದೆ. ದೇಶದ ಅರ್ಥನೀತಿ 1991ರಲ್ಲಿ ಬದಲಾಗಿತ್ತು. ಸರ್ಕಾರಿ ನೇಮಕಾತಿಗಳು ಬಿಗಿಯಾಗಿದ್ದವು. ಖಾಸಗಿ ಕೆಲಸಗಳು ನಮ್ಮ ಕಡೆ ಇನ್ನೂ ತಲೆಯೆತ್ತಿರಲಿಲ್ಲ. ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ, ಕಾರ್ಡನ್ನು ಕಾಲಕಾಲಕ್ಕೆ ನವೀಕರಿಸಿ, ಕರೆಪತ್ರಕ್ಕಾಗಿ ಅಂಚೆಯವನ ದಾರಿ ಕಾಯುವುದು ಆಗಿನ ಪದ್ಧತಿ. ವಿನಿಮಯ ಕೇಂದ್ರದಿಂದ ಹೆಸರು ಹೋಗದವನಿಗೆ ಎಷ್ಟೋ ಕಡೆ ಬಾಗಿಲೇ ತೆರೆಯುತ್ತಿರಲಿಲ್ಲ. ಆ ಬಾಗಿಲನ್ನು ಅಗಲ ಮಾಡಿದ್ದು ಇದೇ ಆಂಧ್ರದ ಕೃಷ್ಣಾ ಜಿಲ್ಲೆಯ ಅಬಕಾರಿ ಇಲಾಖೆಯ ನೇಮಕಾತಿಯಿಂದ ಎದ್ದ ಒಂದು ಮೊಕದ್ದಮೆ. 1996ರಲ್ಲಿ ಸುಪ್ರೀಂ ಕೋರ್ಟು ಆ ಮೊಕದ್ದಮೆಯ ತೀರ್ಪಿನಲ್ಲಿ, ವಿನಿಮಯ ಕೇಂದ್ರದಿಂದ ಹೆಸರು ತರಿಸಿಕೊಂಡರೆ ಸಾಲದು, ಪತ್ರಿಕೆಗಳಲ್ಲಿಯೂ ಪ್ರಕಟಿಸಿ ಅರ್ಜಿ ಹಾಕಿದ ಎಲ್ಲರನ್ನೂ ಪರಿಗಣಿಸಬೇಕು ಎಂದಿತು. ಇಂದು ನೀವು ಮನೆಯಲ್ಲೇ ಕುಳಿತು ಅರ್ಜಿ ತುಂಬುವಾಗ ಇಂಥ ಹಳೆಯ ಹೋರಾಟಗಳ ಫಲವೂ ಅದರಲ್ಲಿದೆ ಎಂಬುದು ನೆನಪಿರಲಿ.

ನನಗೆ ನಾಲ್ಕು ವರ್ಷ ಕೆಲಸ ಸಿಗಲಿಲ್ಲ. ಊರಿನ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತವರೆಲ್ಲ “ಏನ್ ಮಾಡಾಕತ್ತೀಯಪಾ ಈಗ?” ಎಂದು ಕೇಳುತ್ತಿದ್ದರು. ಅವರಲ್ಲಿ ಕೆಡುಕು ಇರಲಿಲ್ಲ. ಆದರೂ ನಾನು ಆ ಕಟ್ಟೆಯನ್ನು ತಪ್ಪಿಸಲು ಹೊಲದ ದಾರಿ ಹಿಡಿದು ಒಂದು ಮೈಲಿ ಸುತ್ತಿ ಹೋಗುತ್ತಿದ್ದೆ. ಎರಡನೆಯ ವರ್ಷ ಗೆಳೆಯನೊಬ್ಬನ ತಂದೆಯವರು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿದ್ದ ತಮ್ಮ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಕರೆದರು. ಎಂ.ಎ. ಓದಿದವನು ಅಡತಿ ಅಂಗಡಿಯ ಗಾದಿಯ ಮೇಲೆ ಕೂಡುವುದೇ ಎಂದು ನನಗೆ ನಾಚಿಕೆ. ತಂದೆ ಹೇಳಿದ್ದು ಒಂದೇ ಮಾತು: “ಲೆಕ್ಕ ಬರಿಯೂದು ಸಣ್ಣ ಕೆಲಸಲ್ಲ ತಮ್ಮಾ. ತಪ್ಪು ಲೆಕ್ಕ ಬರಿಯೂದು ಸಣ್ಣ ಕೆಲಸ.”

ಹೋದೆ. ಮೆಣಸಿನ ಘಾಟಿಗೆ ಮೊದಲ ವಾರವೆಲ್ಲ ಕೆಮ್ಮಿದೆ. ಡಬ್ಬಿ ಯಾವುದು, ಕಡ್ಡಿ ಯಾವುದು, ಗುಂಟೂರಿನ ಕಾಯಿ ಖಾರಕ್ಕೆ ಹೆಸರಾದರೆ ನಮ್ಮ ಕಾಯಿ ಬಣ್ಣಕ್ಕೆ ಏಕೆ ಹೆಸರಾಯಿತು, ರೈತ ತಂದ ಚೀಲಕ್ಕೂ ಅವನ ಕೈಗೆ ಬಂದ ದುಡ್ಡಿಗೂ ನಡುವೆ ಯಾವ ಯಾವ ಕಡಿತಗಳು ನಿಂತಿರುತ್ತವೆ ಎಂಬುದನ್ನೆಲ್ಲ ಅಲ್ಲಿ ಕಲಿತೆ. ವಿಶ್ವವಿದ್ಯಾಲಯದಲ್ಲಿ ಓದಿದ ಬೇಡಿಕೆ-ಪೂರೈಕೆಯ ಗೆರೆಗಳಿಗೆ ಆಗ ಜೀವ ಬಂತು. ಬೆಳಿಗ್ಗೆ ಎರಡು ತಾಸು, ರಾತ್ರಿ ಎರಡು ತಾಸು ಪರೀಕ್ಷೆಯ ಓದು. 1996ರಲ್ಲಿ ಕೇಂದ್ರ ಸರ್ಕಾರದ ಕೆಲಸ ಸಿಕ್ಕಿತು. ಇಂದಿಗೂ ಯಾವುದಾದರೂ ಲೆಕ್ಕಪತ್ರ ನನ್ನ ಮೇಜಿಗೆ ಬಂದಾಗ ಅದರ ಕಳ್ಳಜಾಗ ಎಲ್ಲಿದ್ದೀತು ಎಂದು ಮೊದಲು ಹುಡುಕುವುದು ಬ್ಯಾಡಗಿಯ ಕಣ್ಣೇ ಹೊರತು ಧಾರವಾಡದ ಕಣ್ಣಲ್ಲ. ನಾನು ‘ಕಳೆದುಕೊಂಡ ವರ್ಷಗಳು’ ಎಂದು ಅಳುತ್ತಿದ್ದ ಕಾಲವೇ ನನ್ನ ವೃತ್ತಿಯನ್ನು ಕಟ್ಟಿಕೊಟ್ಟಿತು.

ಇದು ನನ್ನೊಬ್ಬನ ಪುಣ್ಯ ಎಂದು ನೀವು ಹೇಳಬಹುದು. ಆಗಲಿ, ನನಗಿಂತ ಬಹಳ ದೊಡ್ಡವರ ಕಡೆಗೆ ನೋಡೋಣ. ವರಕವಿ ಬೇಂದ್ರೆಯವರು ‘ನರಬಲಿ’ ಕವನಕ್ಕಾಗಿ 1932ರಲ್ಲಿ ಸೆರೆಮನೆ ಕಂಡರು, ಕೆಲಸವನ್ನೂ ಕಳೆದುಕೊಂಡರು. 1896ರಲ್ಲಿ ಹುಟ್ಟಿದವರು ಎಂ.ಎ. ಮಾಡಿದ್ದು 1935ರಲ್ಲಿ, ಮಕ್ಕಳೊಂದಿಗನಾದ ಮೇಲೆ. ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿ ನೆಲೆ ನಿಂತದ್ದು 1944ರಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ. ಅದೂ ನಮ್ಮ ಹಾಗೆ ಹೊರನಾಡಿನಲ್ಲಿ. ಈ ಹನ್ನೆರಡು ವರ್ಷಗಳ ಅನಿಶ್ಚಿತತೆಯ ನಡುವೆಯೇ 1937ರಲ್ಲಿ ‘ಸಖೀಗೀತ’ ಬಂತು, 1938ರಲ್ಲಿ ‘ನಾದಲೀಲೆ’ ಬಂತು. ಬಡತನ ಅವರನ್ನು ಕವಿಯಾಗಿಸಿತು ಎಂಬ ಸುಳ್ಳು ಸಮಾಧಾನವನ್ನು ನಾನು ಹೇಳುವುದಿಲ್ಲ. ಬಡತನ ಯಾರನ್ನೂ ಕವಿಯಾಗಿಸುವುದಿಲ್ಲ. ಕೆಲಸ ಬರುವವರೆಗೆ ತಮ್ಮ ನಿಜವಾದ ಕೆಲಸವನ್ನು ಅವರು ನಿಲ್ಲಿಸಲಿಲ್ಲ ಎಂಬುದಷ್ಟೇ ನನ್ನ ಮಾತು. ಅವರ ಪ್ರತಿಭೆ ನಮಗಿಲ್ಲ, ನಿಜ. ಆದರೆ ದಿನವನ್ನು ಖಾಲಿ ಬಿಡದಿರುವ ಆ ಗುಣಕ್ಕೆ ಪ್ರತಿಭೆ ಬೇಕಾಗಿಲ್ಲ.

ದಿನ ಖಾಲಿ ಬಿದ್ದರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡು ಬರೆದಿಟ್ಟವರಿದ್ದಾರೆ. ಆಸ್ಟ್ರಿಯಾದ ವಿಯೆನ್ನಾ ನಗರದ ಸಮೀಪ ಮಾರಿಯಂಟಾಲ್ ಎಂಬ ಊರು. ಊರಿಗೆ ಊರೇ ಒಂದು ಬಟ್ಟೆ ಗಿರಣಿಯನ್ನು ನಂಬಿತ್ತು. ಆರ್ಥಿಕ ಕುಸಿತದ ಕಾಲದಲ್ಲಿ ಗಿರಣಿ ಮುಚ್ಚಿತು. ಮಾರೀ ಯಾಹೋಡಾ ಮತ್ತು ಅವರ ಸಂಗಡಿಗರು ಅಲ್ಲಿ ಹೋಗಿ ಅಧ್ಯಯನ ಮಾಡಿ 1933ರಲ್ಲಿ ಪ್ರಕಟಿಸಿದರು. ಪುರುಷರಿಗೆ ಈಗ ಹಗಲೆಲ್ಲ ಬಿಡುವು. ಅವರು ಹೆಚ್ಚು ಓದಿದರೇ? ಇಲ್ಲ. ವಾಚನಾಲಯದಲ್ಲಿ ಶುಲ್ಕವನ್ನು ತೆಗೆದುಹಾಕಿದ್ದರೂ ಪುಸ್ತಕ ಒಯ್ಯುವವರು ಕಡಿಮೆಯಾದರು. ಬೀದಿಯಲ್ಲಿ ಅವರ ನಡಿಗೆಯೇ ನಿಧಾನವಾಯಿತು. ನಡೆಯುತ್ತ ನಡೆಯುತ್ತ ನಿಂತುಬಿಡುತ್ತಿದ್ದರು. ಹೆಂಗಸರು ಮಾತ್ರ ಬೇಗ ಬೇಗ ನಡೆಯುತ್ತಿದ್ದರು, ಏಕೆಂದರೆ ಅವರಿಗೆ ಮನೆಗೆಲಸ ಕಾದಿತ್ತು. ನಿರುದ್ಯೋಗವು ದುಡ್ಡನ್ನು ಮಾತ್ರ ಕಸಿಯುವುದಿಲ್ಲ, ಹೊತ್ತಿನ ಅಳತೆಯನ್ನೂ ಕಸಿಯುತ್ತದೆ ಎಂಬುದು ಆ ಅಧ್ಯಯನದಿಂದ ನಾನು ಕಲಿತ ಪಾಠ. ಆದುದರಿಂದ ಮಧ್ಯಾಹ್ನದವರೆಗೆ ಮಲಗಿದ ಮಗನನ್ನು ಸೋಮಾರಿ ಎಂದು ಬೈಯುವ ಮೊದಲು ತಂದೆತಾಯಿಗಳು ಒಮ್ಮೆ ಯೋಚಿಸಬೇಕು. ಅದು ಬಹಳ ಸಲ ಸೋಮಾರಿತನವಲ್ಲ, ಗಾಯ.

ಇನ್ನು ನಮ್ಮ ಕಾಲ ಬುಡದ ನೆಲಕ್ಕೆ ಬರೋಣ. ದುವ್ವಾಡಕ್ಕೆ ಬಂದವರ ಕಿವಿಗೆ ಬೇಗ ಬೀಳುವ ಘೋಷಣೆ ‘ವಿಶಾಖ ಉಕ್ಕು, ಆಂಧ್ರುಲ ಹಕ್ಕು.’ ಉಕ್ಕು, ಹಕ್ಕು ಎರಡೂ ಮಾತುಗಳು ನಮ್ಮವೂ ಹೌದು. 1966ರ ಆ ಚಳವಳಿಯಲ್ಲಿ ಪ್ರಾಣ ತೆತ್ತವರಿದ್ದಾರೆ. 1970ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ದಕ್ಷಿಣಕ್ಕೆ ಮೂರು ಉಕ್ಕಿನ ಕಾರ್ಖಾನೆಗಳನ್ನು ಘೋಷಿಸಿದರು: ವಿಶಾಖಪಟ್ಟಣ, ಸೇಲಂ, ನಮ್ಮ ಹೊಸಪೇಟೆ. 1971ರಲ್ಲಿ ಇಲ್ಲಿಯೂ ತೋರಣಗಲ್ಲಿನಲ್ಲಿಯೂ ಅಡಿಗಲ್ಲು ಬಿತ್ತು. ತೋರಣಗಲ್ಲಿನ ಸರ್ಕಾರಿ ಕಾರ್ಖಾನೆ ಅಡಿಗಲ್ಲಿನಲ್ಲೇ ಉಳಿಯಿತು. ಅಲ್ಲಿ ಉಕ್ಕು ಕರಗಿದ್ದು ತೊಂಬತ್ತರ ದಶಕದಲ್ಲಿ, ಖಾಸಗಿಯವರ ಕೈಯಲ್ಲಿ. ಇಲ್ಲಿ ರಾಷ್ಟ್ರೀಯ ಇಸ್ಪಾತ್ ನಿಗಮ ಹುಟ್ಟಿದ್ದು 1982ರಲ್ಲಿ, ಕಾರ್ಖಾನೆ ದೇಶಕ್ಕೆ ಸಮರ್ಪಣೆಯಾದದ್ದು 1992ರಲ್ಲಿ. ಅಡಿಗಲ್ಲಿನಿಂದ ಸಮರ್ಪಣೆಗೆ ಇಪ್ಪತ್ತೊಂದು ವರ್ಷ! ಭೂಮಿ ಕೊಟ್ಟ ಹಳ್ಳಿಗಳ ಎಷ್ಟೋ ಮಂದಿ ‘ಆರ್-ಕಾರ್ಡ್’ ಹಿಡಿದು, ಮನೆಗೊಂದು ಕೆಲಸ ಎಂದು ಕಾಯುತ್ತ ತಾರುಣ್ಯವನ್ನು ಕಳೆದರು.

ಅಷ್ಟು ಕಾಯ್ದು ಬಂದ ಕಾರ್ಖಾನೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. 2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ಇದರ ಪೂರ್ತಿ ಬಂಡವಾಳ ಹಿಂತೆಗೆತಕ್ಕೆ ತಾತ್ತ್ವಿಕ ಒಪ್ಪಿಗೆ ಕೊಟ್ಟಿತು. ಕೂರ್ಮನ್ನಪಾಲೆಂನಲ್ಲಿ ಕಾರ್ಮಿಕರು ಧರಣಿ ಕುಳಿತರು. 2025ರ ಜನವರಿಯಲ್ಲಿ ಅದೇ ಕೇಂದ್ರ ಸರ್ಕಾರ 11,440 ಕೋಟಿ ರೂಪಾಯಿಗಳ ಪುನಶ್ಚೇತನ ಯೋಜನೆಯನ್ನು ಪ್ರಕಟಿಸಿತು. ನಾನು ಸರ್ಕಾರಿ ನೌಕರ, ನೀತಿಯ ವಿಮರ್ಶೆಗೆ ಇಳಿಯುವುದಿಲ್ಲ. ಆದರೆ ಒಬ್ಬ ತಂದೆಯಾಗಿ ಇಷ್ಟು ಹೇಳಬಲ್ಲೆ: ‘ಪರ್ಮನೆಂಟ್’ ಎಂಬ ಮಾತನ್ನು ನಾವು ದೇವರ ಹೆಸರಿನಂತೆ ಜಪಿಸುತ್ತೇವಲ್ಲ, ಉಕ್ಕಿಗೂ ಆ ಶಾಶ್ವತಿ ಇಲ್ಲ. ಕೆಲಸ ನಿಲ್ಲುವುದು ಕಾರ್ಖಾನೆಯ ಗೋಡೆಯ ಮೇಲೆ ಅಲ್ಲ, ಕೈಯಲ್ಲಿರುವ ವಿದ್ಯೆಯ ಮೇಲೆ.

ಹಾಗಾದರೆ ಆಯ್ಕೆ ಹೇಗೆ? ಮೂರೇ ಮಾತು ಹೇಳುತ್ತೇನೆ.

ಮೊದಲನೆಯದು, ವೃತ್ತಿಯನ್ನು ಹೆಸರಿನಿಂದ ಆರಿಸಬೇಡಿ, ಅದರ ಒಂದು ದಿನವನ್ನು ಕಂಡು ಆರಿಸಿ. ಅಧಿಕಾರಿಯಾಗಬೇಕೆನ್ನುವವರು ಅಧಿಕಾರಿಯ ಕಾರಿನ ದೀಪವನ್ನು ನೋಡುತ್ತಾರೆ, ರಾತ್ರಿ ಹತ್ತರವರೆಗೆ ಕಡತ ತಿರುವುವುದನ್ನು ನೋಡುವುದಿಲ್ಲ. ನಮ್ಮ ಸಂಘದಲ್ಲೇ ಉಕ್ಕಿನವರಿದ್ದಾರೆ, ರೈಲ್ವೆಯವರಿದ್ದಾರೆ, ಬ್ಯಾಂಕಿನವರು, ಬಂದರಿನವರು, ಉಡುಪಿ ಹೋಟೆಲಿನ ಮಾಲೀಕರು ಇದ್ದಾರೆ. ಅವರ ಜೊತೆ ಒಂದು ದಿನ ಇದ್ದು ನೋಡಿ. ಆ ದಿನದ ಬೇಸರವನ್ನು ಮೂವತ್ತು ವರ್ಷ ಹೊರಬಲ್ಲೆ ಎನಿಸಿದರೆ ಅದು ನಿಮ್ಮ ವೃತ್ತಿ.

ಎರಡನೆಯದು, ಪರೀಕ್ಷೆಗೆ ಒಂದು ಗಡುವು ಇರಲಿ, ಗಡುವಿನೊಳಗೆ ಒಂದು ದುಡಿಮೆಯೂ ಇರಲಿ. ಲೆಕ್ಕವನ್ನು ನೇರವಾಗಿ ನೋಡೋಣ. ರೈಲ್ವೆಯ ತಾಂತ್ರಿಕೇತರ ಹುದ್ದೆಗಳಿಗೆ 2019ರಲ್ಲಿ ಅರ್ಜಿ ಕರೆದಾಗ ಸುಮಾರು 35 ಸಾವಿರ ಹುದ್ದೆಗಳಿಗೆ ಸುಮಾರು ಒಂದೂಕಾಲು ಕೋಟಿ ಅರ್ಜಿಗಳು ಬಂದವು. ಒಂದು ಹುದ್ದೆಗೆ ಮುನ್ನೂರೈವತ್ತು ಮಂದಿ. ಅದರಲ್ಲಿ ಬಾರದಿರುವುದು ನಿಮ್ಮ ಯೋಗ್ಯತೆಯ ತೀರ್ಪಲ್ಲ, ಬರಿಯ ಭಾಗಾಕಾರ. ಆದರೆ ಅದೇ ಭಾಗಾಕಾರವನ್ನು ನಂಬಿ ಹತ್ತು ವರ್ಷ ಕೊಡುವುದೂ ವಿವೇಕವಲ್ಲ. ಮೂರು ವರ್ಷವೋ ನಾಲ್ಕೋ, ನೀವೇ ಗೆರೆ ಎಳೆದುಕೊಳ್ಳಿ. ಆ ನಡುವೆ ಮಕ್ಕಳಿಗೆ ಪಾಠ ಹೇಳಿ, ಅಂಗಡಿಯ ಲೆಕ್ಕ ಬರೆಯಿರಿ, ಏನಾದರೂ ಮಾಡಿ. ಹೊತ್ತಿಗೆ ಅಳತೆ ಬರುತ್ತದೆ.

ಮೂರನೆಯದು, ಬಾಗಿಲು ಹಾಕಿಕೊಳ್ಳಬೇಡಿ. ಗ್ರಾನೊವೆಟ್ಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಜನರಿಗೆ ಕೆಲಸದ ಸುದ್ದಿ ಎಲ್ಲಿಂದ ಬರುತ್ತದೆ ಎಂದು ವಿಚಾರಿಸಿ ಎಪ್ಪತ್ತರ ದಶಕದಲ್ಲಿ ಬರೆದರು. ಬಹಳ ಸಲ ಅದು ಬರುವುದು ನಿತ್ಯ ಕಾಣುವ ಆಪ್ತರಿಂದಲ್ಲ, ಅಪರೂಪಕ್ಕೆ ಸಿಗುವ ಪರಿಚಿತರಿಂದ. ಆಪ್ತರಿಗೆ ನಮಗೆ ತಿಳಿದಷ್ಟೇ ತಿಳಿದಿರುತ್ತದೆ. ದೂರದವರಿಗೆ ಬೇರೆ ಊರಿನ ಸುದ್ದಿ ಗೊತ್ತಿರುತ್ತದೆ. ದುವ್ವಾಡದ ನಿಲ್ದಾಣವನ್ನೇ ನೋಡಿ. ವಿಶಾಖಪಟ್ಟಣದೊಳಕ್ಕೆ ಹೋದರೆ ಎಂಜಿನ್ ತಿರುಗಿಸಬೇಕಾಗುತ್ತದೆ ಎಂದು ಎಷ್ಟೋ ಗಾಡಿಗಳು ದೊಡ್ಡ ನಿಲ್ದಾಣಕ್ಕೆ ಹೋಗದೆ ಇಲ್ಲಿ ಎರಡು ನಿಮಿಷ ನಿಂತು ಮುಂದೆ ಹೋಗುತ್ತವೆ. ದೊಡ್ಡ ನಿಲ್ದಾಣದಲ್ಲೇ ಕಾದು ಕುಳಿತವನಿಗೆ ಆ ಗಾಡಿಗಳು ಸಿಗುವುದಿಲ್ಲ. ನಮ್ಮ ಸಂಘವೂ ಇಂಥದೊಂದು ಸಣ್ಣ ನಿಲ್ದಾಣವಾಗಬೇಕು.

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಎಲ್ಲ ಹೊಣೆಯನ್ನೂ ತರುಣರ ತಲೆಗೆ ಕಟ್ಟಿ ‘ಆಶಾವಾದಿಗಳಾಗಿ’ ಎಂದು ಉಪದೇಶಿಸುವುದು ಸುಲಭ. ಕರ್ನಾಟಕದಲ್ಲಿ 545 ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರಲ್ಲಿ ನೇಮಕಾತಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವರ ಆ ಎರಡು ವರ್ಷಗಳನ್ನು ಯಾವ ಆಶಾವಾದ ಹಿಂತಿರುಗಿಸುತ್ತದೆ? 2024ರ ಆಗಸ್ಟಿನಲ್ಲಿ ಕರ್ನಾಟಕ ಲೋಕಸೇವಾ ಆಯೋಗದ 384 ಗೆಜೆಟೆಡ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳ ಅನುವಾದವೇ ಕೆಟ್ಟಿತ್ತು. ಡಿಸೆಂಬರಿನಲ್ಲಿ ನಡೆದ ಮರುಪರೀಕ್ಷೆಯಲ್ಲಿಯೂ ತಪ್ಪುಗಳ ದೂರು ಎದ್ದಿತು. ಕನ್ನಡ ನಾಡಿನಲ್ಲಿ ಕನ್ನಡದಲ್ಲಿ ಬರೆಯುವವನಿಗೇ ಪ್ರಶ್ನೆ ಅರ್ಥವಾಗಲಿಲ್ಲವೆಂದರೆ ಸೋತವರು ಯಾರು?

ನಮ್ಮಂಥ ಹೊರನಾಡಿಗರ ಮಕ್ಕಳದು ಇನ್ನೊಂದು ಇಕ್ಕಟ್ಟು. ಆಂಧ್ರ ಪ್ರದೇಶ 2019ರಲ್ಲಿ ಕೈಗಾರಿಕೆಗಳ ಶೇಕಡಾ 75 ಕೆಲಸ ಸ್ಥಳೀಯರಿಗೆ ಎಂದು ಕಾನೂನು ಮಾಡಿತು. ಕರ್ನಾಟಕದ ಸಚಿವ ಸಂಪುಟ 2024ರ ಜುಲೈನಲ್ಲಿ ಒಪ್ಪಿ ಆಮೇಲೆ ತಡೆಹಿಡಿದ ಮಸೂದೆಯಲ್ಲಿ ಸ್ಥಳೀಯನೆಂದರೆ ರಾಜ್ಯದಲ್ಲಿ ಹುಟ್ಟಿ, 15 ವರ್ಷ ನೆಲೆಸಿ, ಕನ್ನಡ ಬಲ್ಲವನು. ವರ್ಗಾವಣೆಯ ನೌಕರನ ಮಗಳು ಎಲ್ಲಿ ಸ್ಥಳೀಯಳು? ನೆಲದ ಮಕ್ಕಳಿಗೆ ಕೆಲಸ ಸಿಗಬೇಕೆಂಬುದು ನ್ಯಾಯವೇ. ಸರೋಜಿನಿ ಮಹಿಷಿ ವರದಿಯ ಕಾಲದಿಂದಲೂ ನಾವು ಅದನ್ನೇ ಕೇಳಿದ್ದೇವೆ. ಆದರೆ ಹೊರನಾಡಿನಲ್ಲಿ ಕನ್ನಡವನ್ನು ಉಳಿಸಿಕೊಂಡ ಮನೆಯ ಮಗುವಿಗೂ ಆ ವ್ಯಾಖ್ಯೆಯಲ್ಲಿ ಒಂದು ಎಡೆ ಇರಬೇಕೆಂದು ನಮ್ಮ ಸಂಘಗಳು ಒಟ್ಟಾಗಿ ಕೇಳಬೇಕು.

ಕೇಳುವ ಮೊದಲು ನಾವೂ ಒಂದು ಕೆಲಸ ಮಾಡಬೇಕು. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆ 2019ರಿಂದ, ಸಿಬ್ಬಂದಿ ನೇಮಕಾತಿ ಆಯೋಗದ ಕೆಲವು ಪರೀಕ್ಷೆಗಳು 2023ರಿಂದ, ಕೇಂದ್ರೀಯ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ 2024ರಿಂದ ಕನ್ನಡದಲ್ಲಿಯೂ ನಡೆಯುತ್ತಿವೆ. ನಮ್ಮ ಮಕ್ಕಳು ಕನ್ನಡ ಮಾತನಾಡುತ್ತಾರೆ, ಆದರೆ ಎಷ್ಟು ಮಂದಿ ಓದಬಲ್ಲರು? ಭಾನುವಾರದ ಕನ್ನಡ ತರಗತಿ ಬರಿಯ ಅಭಿಮಾನದ ಮಾತಲ್ಲ, ಹೊಟ್ಟೆಪಾಡಿನ ಮಾತೂ ಹೌದು. ಕನ್ನಡ ಓದಲು, ತೆಲುಗಿನಲ್ಲಿ ವ್ಯವಹರಿಸಲು, ಹಿಂದಿ-ಇಂಗ್ಲಿಷಿನಲ್ಲಿ ಕೆಲಸ ಮಾಡಲು ಬಲ್ಲ ಹುಡುಗಿಯನ್ನು ನಾವು ‘ಎಲ್ಲಿಯೂ ಸಲ್ಲದವಳು’ ಎನ್ನುತ್ತೇವೆ. ಅವಳು ನಾಲ್ಕು ಕಡೆ ಸಲ್ಲಬಲ್ಲವಳು.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಎರಡು ಬಿನ್ನಹ. ಒಂದು, ನಮ್ಮ ಕಚೇರಿಯಲ್ಲಿ ಒಂದು ದಪ್ಪ ವಹಿ ಇಡೋಣ. ಕೆಲಸ ಹುಡುಕುವವರು ತಮ್ಮ ಓದನ್ನೂ ಒಲವನ್ನೂ ಅದರಲ್ಲಿ ಬರೆಯಲಿ. ನಾವು ನಮ್ಮ ನಮ್ಮ ಕ್ಷೇತ್ರದಲ್ಲಿ ಕಂಡ ಜಾಹೀರಾತನ್ನು, ತರಬೇತಿಯನ್ನು ಎದುರು ಪುಟದಲ್ಲಿ ಬರೆಯೋಣ. ಶಿಫಾರಸು ಬೇಡ, ಸುದ್ದಿ ಸಾಕು.

ಎರಡನೆಯದಕ್ಕೆ ಖರ್ಚಿಲ್ಲ. “ಈಗ ಏನು ಮಾಡ್ತಿದ್ದೀಯಮ್ಮಾ?” ಎಂಬ ಪ್ರಶ್ನೆಯನ್ನು ಒಂದು ವರ್ಷದ ಮಟ್ಟಿಗೆ ಈ ಸಭಾಂಗಣದ ಹೊರಗೆ, ಚಪ್ಪಲಿಯ ಜೊತೆ ಬಿಟ್ಟುಬರೋಣ. ಅದರ ಬದಲು “ಈಗ ಏನು ಓದುತ್ತಿದ್ದೀಯ? ನನ್ನಿಂದ ಏನಾದರೂ ಆಗಬೇಕೇ?” ಎಂದು ಕೇಳೋಣ. ಮೊದಲನೆಯ ಪ್ರಶ್ನೆಗೆ ಉತ್ತರ ಅವರೊಬ್ಬರೇ ಕೊಡಬೇಕು. ಎರಡನೆಯದಕ್ಕೆ ಉತ್ತರ ಇಬ್ಬರೂ ಸೇರಿ ಹುಡುಕಬಹುದು. ಧೈರ್ಯ ಎಂಬುದು ಕೆಲಸ ಹುಡುಕುವವನೊಬ್ಬನೇ ತನ್ನ ಜೇಬಿನಿಂದ ಭರಿಸಬೇಕಾದ ತೆರಿಗೆಯಲ್ಲ. ಅದು ಸುತ್ತಲಿನವರೆಲ್ಲ ಕೂಡಿಸಬೇಕಾದ ವಂತಿಗೆ.

ಬ್ಯಾಡಗಿಯಲ್ಲಿದ್ದಾಗ ನನ್ನ ತಂದೆ ವಾರಕ್ಕೊಮ್ಮೆ ಬುತ್ತಿ ಕಟ್ಟಿಸಿಕೊಂಡು ಅಂಗಡಿಗೆ ಬರುತ್ತಿದ್ದರು. ಪರೀಕ್ಷೆಯ ಸುದ್ದಿ ಎತ್ತುತ್ತಿರಲಿಲ್ಲ. ನಾನು ಉಣ್ಣುವುದನ್ನು ನೋಡಿ, ಮೆಣಸಿನ ದರ ಕೇಳಿ ಹೋಗುತ್ತಿದ್ದರು. ಅವರು ನನಗೆ ಮಾಡಿದ್ದನ್ನು ನಾನು ನನ್ನ ಮಗಳಿಗೆ ಮಾಡಲಿಲ್ಲ. ಅದನ್ನು ಈಗ ಕಲಿಯುತ್ತಿದ್ದೇನೆ.

ಇಂದು ಬೆಳಿಗ್ಗೆ ಹೊರಡುವಾಗ ಅವಳನ್ನೂ ಕರೆದೆ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಊಟದ ಹೊತ್ತಿಗೆ ಬಂದರೂ ಬರಬಹುದು. ಬಂದರೆ ಎಲೆ ಹಾಕಿ, ಬಡಿಸಿ, ಹಾಡು ಹೇಳು ಎಂದು ಕೇಳಿ. ಮತ್ತೇನನ್ನೂ ಕೇಳಬೇಡಿ.